ಕ್ರಿಯಾತ್ಮಕ ಗುಣಲಕ್ಷಣ: ಕಡಲತಳದ ಅಕಶೇರುಕಗಳ ವಿಷಯದಲ್ಲಿ ಈ ಪದದ ಅರ್ಥ

"ನೀರನ್ನು ಶುದ್ಧಗೊಳಿಸುವುದು ಮರುವಾಯಿಯ ಕ್ರಿಯಾತ್ಮಕ ಗುಣಲಕ್ಷಣ" ಎಂಬಂಥ ವಾಕ್ಯಗಳು ನಮ್ಮ ಅಳಿವೆಗಳ ಕುರಿತ ಬರಹಗಳಲ್ಲಿ, ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ, ಹೂಳೆತ್ತುವ ಕಾಮಗಾರಿಗಳ ಪರಿಸರ ವರದಿಗಳಲ್ಲಿ ಪದೇ ಪದೇ ಕಾಣಿಸುತ್ತಿವೆ. ಈ ವಾಕ್ಯ ತಪ್ಪು. ನೀರು ತಿಳಿಯಾಗುವುದು ಅಳಿವೆಯಲ್ಲಿ ಆಗುವ ಪರಿಣಾಮ. ಮರುವಾಯಿ ಎಂಬ ಎರಡು ಚಿಪ್ಪಿನ ಜೀವಿಯ ಗುಣಲಕ್ಷಣಗಳು ಆ ಪರಿಣಾಮಕ್ಕೆ ಕಾರಣ. ಕಾರಣವನ್ನೂ ಪರಿಣಾಮವನ್ನೂ ಒಂದೇ ಹೆಸರಿನಿಂದ ಕರೆದರೆ ಅವುಗಳ ನಡುವಿನ ಸಂಬಂಧವನ್ನು ಪರೀಕ್ಷಿಸುವ ದಾರಿಯೇ ಮುಚ್ಚಿಹೋಗುತ್ತದೆ.

ಸಸ್ಯಗಳ ಅಧ್ಯಯನದಲ್ಲಿಯೂ ಇದೇ ಗೊಂದಲ ಇದ್ದುದರಿಂದ 2007ರಲ್ಲಿ ಫ್ರಾನ್ಸಿನ ಪರಿಸರ ವಿಜ್ಞಾನಿ ಸಿರಿಲ್ ವಿಯೋಲ್ ಮತ್ತು ಸಂಗಡಿಗರು ಪದದ ಎಲ್ಲೆಯನ್ನು ಬಿಗಿಗೊಳಿಸಿದರು. ಅವರ ಪ್ರಕಾರ ಗುಣಲಕ್ಷಣವೆಂದರೆ ಒಂದೊಂದು ಜೀವಿಯಲ್ಲಿಯೇ, ಸುತ್ತಲಿನ ಪರಿಸರವನ್ನು ಲೆಕ್ಕಕ್ಕೆ ತಾರದೆ, ಅಳೆಯಬಹುದಾದ ರೂಪದ, ದೇಹಕ್ರಿಯೆಯ ಅಥವಾ ಜೀವನದ ಘಟ್ಟಗಳ ಕಾಲಕ್ರಮಕ್ಕೆ ಸಂಬಂಧಿಸಿದ ಅಂಶ. ಅದು ಬೆಳವಣಿಗೆ, ಸಂತಾನೋತ್ಪತ್ತಿ, ಬದುಕುಳಿಯುವಿಕೆಗಳ ಮೂಲಕ ಸಂತತಿಯನ್ನು ಮುಂದುವರಿಸುವ ಜೀವಿಯ ಸಾಮರ್ಥ್ಯವನ್ನು ಪ್ರಭಾವಿಸುವುದಾದರೆ ಕ್ರಿಯಾತ್ಮಕ ಎನಿಸಿಕೊಳ್ಳುತ್ತದೆ.

ಮರುವಾಯಿಯನ್ನೇ ನೋಡೋಣ. ಚಿಪ್ಪಿನ ಉದ್ದ, ಕಿವಿರಿನಲ್ಲಿ ಆಹಾರ ಸೋಸುವ ವಿಧಾನ, ನೀರೆಳೆಯುವ ನಳಿಕೆಯ ಉದ್ದ, ಆಯುಸ್ಸು, ಮರಿಗಳು ನೀರಿನಲ್ಲಿ ತೇಲುವ ಅವಧಿ, ಇವು ಗುಣಲಕ್ಷಣಗಳು. ನಳಿಕೆ ಗಿಡ್ಡವಾಗಿರುವುದರಿಂದ ಅದು ಮರಳಿನ ಮೇಲ್ಪದರದಲ್ಲಿಯೇ ಹುದುಗಿರಬೇಕಾಗುತ್ತದೆ, ಹಾಗಾಗಿ ಕೈಯಿಂದ ಬಗೆದು ಆಯುವವರಿಗೆ ಸುಲಭವಾಗಿ ಸಿಗುತ್ತದೆ. ಆದರೆ ಅಳಿವೆಯ ನೀರು ಎಷ್ಟು ತಿಳಿಯಾಗುತ್ತದೆ ಎಂಬುದು ಎಷ್ಟು ಮರುವಾಯಿಗಳಿವೆ, ಪ್ರವಾಹದ ವೇಗವೆಷ್ಟು, ಹೂಳು ಎಷ್ಟು ಬರುತ್ತಿದೆ ಎಂಬುದನ್ನೂ ಅವಲಂಬಿಸಿದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ತುಂಬಿ ಬಂದು ಉಪ್ಪಿನಂಶ ತೀರಾ ಕುಸಿದಾಗ ಚಿಪ್ಪುಜೀವಿಗಳು ಚಿಪ್ಪು ಮುಚ್ಚಿ ನೀರೆಳೆಯುವುದನ್ನೇ ನಿಲ್ಲಿಸುತ್ತವೆ. ಆಗ ಕಿವಿರೂ ನಳಿಕೆಯೂ ಇದ್ದಲ್ಲಿಯೇ ಇರುತ್ತವೆ, ಶುದ್ಧೀಕರಣ ಮಾತ್ರ ಇರುವುದಿಲ್ಲ. ಶುದ್ಧೀಕರಣವೇ ಗುಣಲಕ್ಷಣವಾಗಿದ್ದರೆ ಜುಲೈ ತಿಂಗಳ ಮರುವಾಯಿಯನ್ನು ಬೇರೆ ಜೀವಿಯೆಂದೇ ಎಣಿಸಬೇಕಾಗುತ್ತಿತ್ತು.

ಪ್ರಭೇದಗಳ ಪಟ್ಟಿ ಕೊಟ್ಟು ಅದನ್ನೇ ಕ್ರಿಯಾತ್ಮಕ ವಿಶ್ಲೇಷಣೆ ಎನ್ನುವುದೂ ಸರಿಯಲ್ಲ, ಏಕೆಂದರೆ ವಂಶವೊಂದೇ ಕೆಲಸವನ್ನು ಹೇಳುವುದಿಲ್ಲ. ಪಶ್ಚಿಮ ಕರಾವಳಿಯ ಮರಳು ದಂಡೆಗಳಲ್ಲಿ ಸಿಗುವ, ನುಣುಪಾದ ಚಪ್ಪಟೆ ಚಿಪ್ಪಿನ ಅಂಬೋನಿಯಂ ಒಂದು ಬಸವನಹುಳು. ಅದರ ಹತ್ತಿರದ ಬಂಧುಗಳಲ್ಲಿ ಹೆಚ್ಚಿನವು ಬಂಡೆಯ ಪಾಚಿಯನ್ನು ಕೆರೆದು ತಿನ್ನುತ್ತವೆ, ಇದು ಮಾತ್ರ ನೀರಿನಲ್ಲಿ ತೇಲುವ ಕಣಗಳನ್ನು ಸೋಸಿ ತಿನ್ನುತ್ತದೆ. ಆಹಾರಕ್ರಮದ ಮಟ್ಟಿಗೆ ಅದು ಸೇರಬೇಕಾದದ್ದು ಅದೇ ದಂಡೆಯ ಎರಡು ಚಿಪ್ಪಿನ ಡೋನಾಕ್ಸ್ ಜೊತೆಗೆ. ಇನ್ನು ಬಾಲ್ಟಿಕ್ ಸಮುದ್ರದ ಮಕೋಮಾ ಎಂಬ ಚಿಪ್ಪುಜೀವಿ ಸನ್ನಿವೇಶಕ್ಕೆ ತಕ್ಕಂತೆ ತಳದ ಕೆಸರನ್ನೂ ತಿನ್ನುತ್ತದೆ, ನೀರಿನ ಕಣಗಳನ್ನೂ ತಿನ್ನುತ್ತದೆ. ಇಂಥವುಗಳನ್ನು ಒಂದೇ ಗುಂಪಿಗೆ ತುರುಕದೆ ಎರಡು ಗುಂಪುಗಳಿಗೂ ಪಾಲು ಹಂಚಿ ಅಂಕ ಕೊಡುವ ಪದ್ಧತಿ ಬಹುಕಾಲದಿಂದ ಬಳಕೆಯಲ್ಲಿದೆ.

ಮಲ್ಪೆಯಾಚೆಯ ಕೆಸರು ತಳದಲ್ಲಿ ಬದುಕುವ, ಮೈಗೆ ಬಿರುಗೂದಲಿರುವ ಪಾಲಿಕೀಟ್ ಹುಳುಗಳ ಕಡೆಗೆ ಯಾರೂ ಕಣ್ಣು ಹಾಯಿಸುವುದಿಲ್ಲ ಎಂಬುದು ನನಗೆ ಬೇಸರದ ವಿಷಯ. ಕೆಸರಿನೊಳಗೆ ಆಮ್ಲಜನಕ ತಾನಾಗಿ ಇಳಿಯುವುದು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಆಳಕ್ಕೆ. ಬಿಲ ತೋಡಿ, ಮೈಯನ್ನು ಅಲೆಯಾಡಿಸಿ ಅದರೊಳಗೆ ನೀರು ಹರಿಸುವ ಹುಳುಗಳು ಆಮ್ಲಜನಕವನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತವೆ. ಬಿಲದ ಗೋಡೆಯಲ್ಲಿ ಅಮೋನಿಯಂ ಅಂಶವು ನೈಟ್ರೇಟ್ ಆಗಿ ಮಾರ್ಪಟ್ಟು, ಪಕ್ಕದ ಆಮ್ಲಜನಕವಿಲ್ಲದ ಕೆಸರಿನಲ್ಲಿ ಆ ನೈಟ್ರೇಟ್ ನೈಟ್ರೋಜನ್ ಅನಿಲವಾಗಿ ಹೊರಹೋಗುತ್ತದೆ. ಬಿಲದ ಆಳ ಮತ್ತು ನೀರು ಹರಿಸುವ ಅಭ್ಯಾಸ ಗುಣಲಕ್ಷಣಗಳು, ನೈಟ್ರೋಜನ್ ಹೊರಹೋಗುವುದು ಪರಿಸರ ವ್ಯವಸ್ಥೆಯ ಕ್ರಿಯೆ. ಇದೇ ಹುಳುಗಳು ತಳದಲ್ಲಿ ಬದುಕುವ ಚಪ್ಪಟೆ ಮೀನಾದ ನಮ್ಮ ನಂಗ್‌ನ ಮುಖ್ಯ ಆಹಾರ ಎಂಬುದನ್ನು ಸಾರು ಉಣ್ಣುವವರಾದರೂ ತಿಳಿದಿರಬೇಕು.

ಪರಿಸರವನ್ನು ಬದಲಿಸುವ ಗುಣಲಕ್ಷಣಗಳು ಬೇರೆ, ಪರಿಸರ ಬದಲಾದಾಗ ಜೀವಿ ಉಳಿಯುವುದೋ ಅಳಿಯುವುದೋ ಎಂಬುದನ್ನು ನಿರ್ಧರಿಸುವ ಗುಣಲಕ್ಷಣಗಳು ಬೇರೆ; ಕೆಲವು ಎರಡೂ ಕಡೆ ಸಲ್ಲುತ್ತವೆ. ನೈಋತ್ಯ ಮಳೆಗಾಲದಲ್ಲಿ ಆಮ್ಲಜನಕ ಕಡಿಮೆಯಿರುವ ಆಳದ ನೀರು ನಮ್ಮ ಕರಾವಳಿಯ ಕಡೆಗೆ ಮೇಲೇರಿ ಬಂದಾಗ, ಸಣ್ಣ ಮೈಯ, ಬೇಗ ಬಲಿಯುವ ಹುಳುಗಳಿಗೆ ಉಳಿಯುವ ಅಥವಾ ಬೇಗ ಮರಳುವ ಅವಕಾಶ ಹೆಚ್ಚು. ಟ್ರಾಲ್ ಬಲೆ ತಳವನ್ನು ಉಜ್ಜಿದಾಗಲೂ ಮೊದಲು ಇಲ್ಲವಾಗುವುದು ದೊಡ್ಡ ಮೈಯ, ದೀರ್ಘಾಯುವಾದ, ತಳಕ್ಕೆ ಅಂಟಿ ಮೇಲೆದ್ದು ನಿಲ್ಲುವ ಜೀವಿಗಳು. ಹೂಳೆತ್ತಿದ ಕಾಲುವೆಗೆ ಮತ್ತೆ ಯಾರು ಬರುತ್ತಾರೆ ಎಂಬುದು ಮರಿಗಳ ಗುಣಲಕ್ಷಣಕ್ಕೂ ಸೇರಿದ ಪ್ರಶ್ನೆ: ತೇಲುವ ಮರಿಗಳಿರುವ ಜೀವಿಗಳು ದೂರದಿಂದ ಬಂದು ನೆಲೆಸಬಲ್ಲವು, ಮರಿಗಳನ್ನು ಚೀಲದಲ್ಲಿಟ್ಟು ಸಾಕುವ, ಸೀಗಡಿಯಂಥ ಪುಟ್ಟ ಜೀವಿಗಳಾದ ಆಂಫಿಪಾಡ್‌ಗಳು ಬಹುಮಟ್ಟಿಗೆ ಪಕ್ಕದ ತಳದಲ್ಲಿ ಉಳಿದ ಪ್ರಾಯದ ಜೀವಿಗಳನ್ನೇ ಅವಲಂಬಿಸಬೇಕು. ವರದಿಯ ಕೋಷ್ಟಕದಲ್ಲಿ ಪ್ರಭೇದದ ಹೆಸರಿನ ಮುಂದೆ "ಉಪಯುಕ್ತ" ಎಂದು ಬರೆಯುವ ಜಾಗದಲ್ಲಿ ಮೈಯಳತೆ, ಬಿಲದ ಆಳ, ಆಹಾರಕ್ರಮ, ಮರಿಗಳ ಬಗೆ ಎಂಬ ನಾಲ್ಕು ಕಾಲಂಗಳಿದ್ದಿದ್ದರೆ ಈ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಡುಕಬಹುದಿತ್ತು.