ಕಾಸರಗೋಡು ಪೇಟೆಯ ಹಳೇ ಕಟ್ಟಡದಲ್ಲಿ ಉಪ್ಪರಿಗೆ ಮಾತ್ರ ಮಾರಾಟಕ್ಕುಂಟು, ತಗೊಳ್ಬಹುದಾ?

ಪ್ರಶ್ನೆ: ನಾವು ಇರೋದು ಬೆಂಗಳೂರಲ್ಲಿ, ಮೂಲ ಕಾಸರಗೋಡು. ಪೇಟೆ ಮಧ್ಯದಲ್ಲಿ ಅಜ್ಜನ ಕಾಲದ ಹಂಚಿನ ಕಟ್ಟಡ ಒಂದುಂಟು, ಕೆಳಗೆ ಅಂಗಡಿಗಳು, ಮೇಲೆ ವಾಸದ ಮನೆ. ಮೇಲಿನದ್ದು ಮಾತ್ರ ಮಾರ್ತಾರಂತೆ, ರೇಟು ಹೊಸ ಫ್ಲಾಟಿಗಿಂತ ಕಮ್ಮಿ. ಮರದ ಮುಚ್ಚಿಗೆ, ದಪ್ಪ ಗೋಡೆ ಎಲ್ಲ ನೋಡಿ ಮನೆಯವ್ರಿಗೆ ತುಂಬ ಇಷ್ಟ ಆಗಿದೆ. ಧೈರ್ಯ ಮಾಡ್ಬಹುದಾ?

ಉತ್ತರ: ಮಾಡ್ಬಹುದು, ಕಟ್ಟಡ ನಿಂತ ಜಾಗದಲ್ಲೂ ಪಾಲು ಕೊಡ್ತಾರೆ ಅಂತಾದ್ರೆ. ಇಲ್ಲಾಂದ್ರೆ ಎಷ್ಟೇ ಕಮ್ಮಿಗೆ ಸಿಕ್ಕಿದ್ರೂ ಬೇಡ ಮಾರ್ರೆ.

ಯಾಕೆ ಅಂದ್ರೆ ಹೊಸ ಫ್ಲಾಟ್ ತಗೊಂಡಾಗ ಆಧಾರದಲ್ಲಿ (ಅಂದ್ರೆ ರಿಜಿಸ್ಟರ್ ಆದ ಕ್ರಯಪತ್ರದಲ್ಲಿ) ನಿಮ್ಮ ಮನೆಯ ಜೊತೆಗೆ ಜಾಗದ ಅವಿಭಜಿತ (ಗಡಿ ಹಾಕಿ ಬೇರೆ ಮಾಡದ) ಪಾಲು ಇಷ್ಟು ಅಂತ ಬರೆದಿರ್ತಾರೆ, ಹಳೇ ಕಟ್ಟಡದಲ್ಲಿ ಎಷ್ಟೋ ಸಲ ಅಣ್ಣ ಕೆಳಗೆ ತಮ್ಮ ಮೇಲೆ ಅಂತ ಬಾಯಿಮಾತಲ್ಲೇ ಪಾಲಾಗಿ, ಆಮೇಲೆ ಅದನ್ನೇ "ಮೇಲಂತಸ್ತು" ಅಂತ ಒಂದು ಸಾಲು ಬರೆದು ಮಾರ್ಲಿಕ್ಕೆ ಹೊರಡ್ತಾರೆ. ಆ ಒಂದು ಸಾಲಿಗೆ ನೀವು ದುಡ್ಡು ಕೊಟ್ರೆ, ನಾಳೆ ಕಟ್ಟಡ ಬಿದ್ರೆ ಅಥವಾ ಕೆಳಗಿನವ್ರು ಕೆಡವ್ಬೇಕು ಅಂತ ಹಠ ಹಿಡಿದ್ರೆ ನಿಮ್ಮದು ಅಂತ ಹೇಳ್ಲಿಕ್ಕೆ ಉಳಿಯೋದೇನು? ಆದ್ದರಿಂದ ಸರ್ವೆ ನಂಬರು, ಎಷ್ಟು ಸೆಂಟ್ಸಲ್ಲಿ ನಿಮ್ಮದೆಷ್ಟು, ಮೆಟ್ಟಿಲು ಯಾರದ್ದು, ಹಿತ್ತಲ ಬಾವಿ ಮತ್ತೆ ಟಾಯ್ಲೆಟ್ ಗುಂಡಿಗೆ ಹಕ್ಕುಂಟಾ, ಮಾಡು (ಹಂಚಿನ ಚಾವಣಿ) ಸೋರಿದ್ರೆ ಖರ್ಚು ಯಾರು ಕೊಡೋದು, ಇಷ್ಟೂ ಆಧಾರದಲ್ಲಿ ಬರ್ಲೇಬೇಕು. ಮೆಟ್ಟಿಲು ಅಂಗಡಿಯ ಒಳಗಿಂದಲೇ ಹೋಗ್ತದಾ ಅಂತ ವಿಶೇಷವಾಗಿ ನೋಡಿ, ಅಂಗಡಿಯವ ಶಟರ್ ಎಳೆದ್ರೆ ನೀವು ಹೊರಗೆ. ಜಾಗದ ಪಾಲು ಇಲ್ಲದೆ ವಿಲೇಜ್ ಆಫೀಸಲ್ಲಿ ನಿಮ್ಮ ಹೆಸರಿಗೆ ಭೂತೆರಿಗೆ ಕಟ್ಲಿಕ್ಕೂ ಆಗೋದಿಲ್ಲ, ಬ್ಯಾಂಕ್ ಲೋನಂತೂ ದೂರದ ಮಾತು.

ಎರಡನೇದು ಹಳೇ ದಾಖಲೆ. ಕಾಸರಗೋಡು ತಾಲೂಕು 1956 ನವೆಂಬರ್ 1ರ ತನಕ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು ಅಲ್ವಾ, ಹಾಗಾಗಿ ಆ ಕಾಲದ ಆಧಾರಗಳು ಹೆಚ್ಚಾಗಿ ಕನ್ನಡದಲ್ಲಿ, ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಕಾಯಂ ಅಲ್ಲದ ಗೇಣಿ) ಅಂತ ಬರ್ದಿರ್ತದೆ, ಈಚಿನದ್ದು ಮಲಯಾಳದಲ್ಲಿ. ಎರಡನ್ನೂ ಓದಿ ಒಂದಕ್ಕೊಂದು ಕೊಂಡಿ ಹಾಕುವ ಸ್ಥಳೀಯ ವಕೀಲರಿಗೆ ತೋರಿಸಿ, ಬೆಂಗಳೂರಿನ ವಕೀಲರು ಖಾತಾ ಎಲ್ಲಿ, ಇ-ಖಾತಾ ಎಲ್ಲಿ ಅಂತ ಕೇಳ್ತಾ ಕೂರ್ತಾರೆ, ಇಲ್ಲಿ ಆ ಲೆಕ್ಕ ಇಲ್ಲ. ಇಲ್ಲಿ ಕೇಳ್ಬೇಕಾದ್ದು ಭೂತೆರಿಗೆ ರಸೀದಿ, ತಂಡಪೇರ್ ನಂಬರು (ವಿಲೇಜ್ ಆಫೀಸಿನ ಭೂತೆರಿಗೆ ಪುಸ್ತಕದಲ್ಲಿ ಮಾಲೀಕರ ಖಾತೆ ನಂಬರು), ಕೈವಶ ಸರ್ಟಿಫಿಕೇಟು (ಪೊಸೆಷನ್), ಬಾಧ್ಯತಾ ಸರ್ಟಿಫಿಕೇಟು (ಇ.ಸಿ., ಸಾಲ ಅಡವು ಉಂಟಾ ಅಂತ ತೋರಿಸೋದು), ಮುನಿಸಿಪಾಲಿಟಿಯ ಕಟ್ಟಡ ನಂಬರು. ಜಾಗ ಮೊದಲು ಗೇಣಿದ್ದಾಗಿದ್ರೆ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕ್ರಯ ಸರ್ಟಿಫಿಕೇಟು (ಗೇಣಿಯವ್ರಿಗೇ ಜಾಗದ ಒಡೆತನ ಬಂತು ಅನ್ನೋ ದಾಖಲೆ) ಉಂಟಾ ಕೇಳಿ, ಯಾಕಂದ್ರೆ 1970 ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಇಲ್ಲ, ಆದ್ರೆ ಸರ್ಟಿಫಿಕೇಟು ಮಾಡಿಸ್ಕೊಳ್ಳದೆ ಹಾಗೇ ಬಿಟ್ಟವ್ರೂ ಇದ್ದಾರೆ.

ಇದಕ್ಕಿಂತ ಕಗ್ಗಂಟು ಕುಟುಂಬದ್ದು. ಅಳಿಯಸಂತಾನದ (ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವ ಪದ್ಧತಿಯ) ಮನೆಯಾಗಿದ್ರೆ ನಿಧಾನಕ್ಕೆ ಹೋಗಿ. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ರದ್ದು ಮಾಡಿದ ಕಾಯ್ದೆ 1976 ಡಿಸೆಂಬರ್ 1ಕ್ಕೆ ಜಾರಿಗೆ ಬಂತು, ಅವತ್ತು ಕುಟುಂಬದಲ್ಲಿದ್ದ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಪಾಲು ಬಂತು, ಅವತ್ತಿನ ಕೂಸಿಗೂ ಸೇರಿ. ಆಮೇಲೆ ಅವ್ರಲ್ಲಿ ಕೆಲವರು ತೀರಿಹೋಗಿ ಅವ್ರ ಮಕ್ಕಳು ಮೊಮ್ಮಕ್ಕಳು ಮುಂಬೈ, ದುಬೈ, ಮಂಗಳೂರು ಅಂತ ಹರಡಿಕೊಂಡಿರ್ತಾರೆ. "ಅವ್ರೆಲ್ಲ ಏನೂ ಹೇಳೋದಿಲ್ಲ, ನಮ್ಮವ್ರೇ" ಅಂತ ಮಾರುವವ್ರು ಹೇಳ್ತಾರೆ. ಏನೂ ಹೇಳೋದಿಲ್ಲ ಅಂತಾದ್ರೆ ಸಹಿ ಹಾಕ್ಲಿಕ್ಕೆ ಎಂತ ಕಷ್ಟ? ರಿಜಿಸ್ಟರ್ ಆದ ಪಾಲುಪಟ್ಟಿ ಇಲ್ಲದಿದ್ರೆ ಎಲ್ಲರ ಸಹಿ ಬೇಕು. ಗಲ್ಫಲ್ಲಿರುವವ್ರು ಪವರ್ ಆಫ್ ಅಟಾರ್ನಿ ಕಳಿಸಿದ್ರೆ ಅದು ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಣ ಆಗಿರ್ಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಮಾಡಿಸ್ಬೇಕು. ಎನ್‌ಆರ್‌ಐ ಮಾರುವಾಗ ನೀವು ಟಿಡಿಎಸ್ (ಕೊಡುವ ದುಡ್ಡಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡೀಲೇಬೇಕು, 50 ಲಕ್ಷದ ಕೆಳಗಿದ್ರೆ ಬೇಡ ಅನ್ನೋ ರಿಯಾಯಿತಿ ಅಲ್ಲಿ ಇಲ್ಲ.

ಉಪ್ಪರಿಗೆಯಲ್ಲಿ ಬಾಡಿಗೆಗೆ ಯಾರಾದ್ರೂ ಇದ್ದಾರಾ? ಇದ್ರೆ ಖಾಲಿ ಮಾಡಿಸಿಯೇ ಕೊಡಿ ಅನ್ನಿ. ಕೇರಳದ 1965ರ ಬಾಡಿಗೆ ಕಾಯ್ದೆ ಪ್ರಕಾರ ಕಟ್ಟಡ ಕೊಂಡವ್ರು ಸ್ವಂತ ವಾಸಕ್ಕೆ ಬೇಕು ಅಂತ ಅರ್ಜಿ ಹಾಕ್ಲಿಕ್ಕೇ ಆಧಾರ ಆದ ದಿನದಿಂದ ಒಂದು ವರ್ಷ ಕಾಯ್ಬೇಕು, ಕೇಸ್ ಮುಗಿಯೋದು ಆಮೇಲಿನ ಮಾತು.

ಇನ್ನು ಕಟ್ಟಡ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಒಳ್ಳೇದೇ, ಹೆದರ್ಬೇಡಿ, ಆದ್ರೆ ಹಳೇ ಸುಣ್ಣದ ಗಾರೆ ಕೆತ್ತಿ ಸಿಮೆಂಟ್ ಪ್ಲಾಸ್ಟರ್ ಹೊಡೆದು ಪೈಂಟ್ ಬಳಿದಿದ್ರೆ ಸ್ವಲ್ಪ ಅನುಮಾನ ಪಡಿ. ಸುಣ್ಣದಲ್ಲಿ ತೇವ ಹೊರಗೆ ಹೋಗ್ತದೆ, ಸಿಮೆಂಟು ಅದನ್ನು ಒಳಗೇ ಕಟ್ಟಿ ಹಾಕ್ತದೆ, ಕೈ ಇಟ್ಟು ತಟ್ಟಿದ್ರೆ ಪೊಳ್ಳು ಸದ್ದು ಬರುವ ಜಾಗ ಸಿಗ್ತದೆ. ಮರದ ವಿಷಯದಲ್ಲಿ ನಡು ಮನೆಯ ತೊಲೆ ನೋಡಿ ಮರುಳಾಗ್ಬೇಡಿ, ಪಕ್ಕಾಸು (ಮಾಡಿನ ಇಳಿಜಾರಿನ ಮರ) ಮತ್ತೆ ತೊಲೆ ಗೋಡೆಯ ಮೇಲೆ ಕೂರುವ ತುದಿ ನೋಡಿ, ಮೊದಲು ಕುಂಬಾಗೋದು (ಕೊಳೆಯೋದು) ಅಲ್ಲಿ. ಒಂದು ಸ್ಕ್ರೂಡ್ರೈವರ್ ತಗೊಂಡು ಹೋಗಿ ಆ ತುದಿಗೆ ಚುಚ್ಚಿ, ಗಟ್ಟಿ ಮರದಲ್ಲಿ ಮೊನೆ ನಿಲ್ತದೆ, ಒರಲೆ (ಗೆದ್ದಲು) ತಿಂದದ್ದರಲ್ಲಿ ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಗಿ ಪುಡಿ ಉದುರ್ತದೆ. ಫೆಬ್ರವರಿಯಲ್ಲಿ ಬಂದು ನೋಡಿ ಚಂದ ಉಂಟು ಅಂತ ಅಡ್ವಾನ್ಸ್ ಕೊಟ್ಟು ಹೋಗುವವ್ರೇ ಜಾಸ್ತಿ, ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಹೊಡೆಯುವ ಊರಲ್ಲಿ ಮಾಡಿನ ನಿಜ ಗೊತ್ತಾಗೋದು ಜುಲೈಯಲ್ಲಿ. ಹಂಚು ಒಡೆದದ್ದು ದೊಡ್ಡ ಖರ್ಚಲ್ಲ, ಬದಲಾಯಿಸ್ಬಹುದು, ರೀಪು (ಹಂಚು ಕೂರುವ ಪಟ್ಟಿ), ಪಕ್ಕಾಸು ಎಲ್ಲ ತೆಗೆದು ಹೊಸದು ಹಾಕ್ಬೇಕು ಅಂತಾದ್ರೆ ರೇಟು ಕಮ್ಮಿ ಅನ್ನೋದಕ್ಕೆ ಅರ್ಥವೇ ಇಲ್ಲ. ಕೆಡವಿ ಹೊಸದು ಕಟ್ಟುವ ಅಂತ ಮನಸ್ಸಲ್ಲಿದ್ರೆ, ಹಳೇ ಕಟ್ಟಡ ರಸ್ತೆಗೆ ಅಂಟಿಕೊಂಡು ನಿಂತ ಹಾಗೆ ಹೊಸದಕ್ಕೆ ಪರ್ಮಿಟ್ ಸಿಗೋದಿಲ್ಲ, ಹೆದ್ದಾರಿ ಬದಿಯಲ್ಲಾದ್ರೆ 3 ಮೀಟರ್ ಬಿಡ್ಲೇಬೇಕು. ಪೇಟೆಯ ಸಣ್ಣ ಜಾಗದಲ್ಲಿ ಅಷ್ಟು ಬಿಟ್ರೆ ಮತ್ತೆ ಉಳಿಯೋದು ಕಾರ್ ನಿಲ್ಲಿಸುವಷ್ಟು.

ಲೆಕ್ಕ ಹಾಕುವಾಗ ಸ್ಟ್ಯಾಂಪ್ ಡ್ಯೂಟಿ 8%, ರಿಜಿಸ್ಟ್ರೇಷನ್ 2% ಸೇರಿಸಿ, 30 ಲಕ್ಷಕ್ಕೆ ಮೂರು ಲಕ್ಷ ಅಲ್ಲೇ ಹೋಯ್ತು. ಬ್ರೋಕರ್ ಇವತ್ತೇ ಅಡ್ವಾನ್ಸ್ ಕೊಡಿ, ಬೇರೆ ಪಾರ್ಟಿ ರೆಡಿ ಉಂಟು ಅಂತ ಹೇಳಿಯೇ ಹೇಳ್ತಾನೆ. ಕೊಡೋದಾದ್ರೆ ಕರಾರುಪತ್ರದಲ್ಲಿ ಎಲ್ಲ ಪಾಲುದಾರರ ಹೆಸರು, ಜಾಗದ ಪಾಲಿನ ಅಳತೆ, ಮತ್ತೆ ದಾಖಲೆ ಸರಿ ಆಗದಿದ್ರೆ ಇಷ್ಟು ದಿನದೊಳಗೆ ದುಡ್ಡು ವಾಪಸ್ ಅನ್ನೋ ಮಾತು ಬರೆಸಿ ಆಮೇಲೆ ಚೆಕ್ಕಲ್ಲಿ ಕೊಡಿ, ಕ್ಯಾಶ್ ಬೇಡ.