ಬಸ್ ಸ್ಟ್ಯಾಂಡ್‌ನ ಹಾಡಿಗೆ ನಾವು ಯಾಕೆ ನಿಲ್ಲಲ್ಲ?

ಓದುಗರ ಪ್ರಶ್ನೆ: ಹಾಸನದ ಹೊಸ ಬಸ್ ಸ್ಟ್ಯಾಂಡ್‌ನಲ್ಲಿ ಮೈಕ್ ಹಿಡಿದು ಹಾಡುವವರನ್ನು ಆಗಾಗ ನೋಡುತ್ತೇನೆ. ಕೆಲವರು ನಿಜಕ್ಕೂ ಚೆನ್ನಾಗಿ ಹಾಡುತ್ತಾರೆ. ಆದರೂ ಯಾರೂ ನಿಂತು ಕೇಳಲ್ಲ, ನಾನೂ ನಿಲ್ಲಲ್ಲ. ನಮಗೆ ಸಂಗೀತದ ರುಚಿಯೇ ಇಲ್ವಾ?

ರುಚಿ ಖಂಡಿತ ಇದೆ. ಹಾಡು ರುಚಿಸುವಷ್ಟು ಹೊತ್ತು ನಾವು ಅದರ ಹತ್ತಿರ ಇರಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಸಾಧಾರಣವಾಗಿ ನಡೆದರೆ ನಾವು ಸೆಕೆಂಡಿಗೆ ಒಂದೂಕಾಲು ಮೀಟರ್ ಹೋಗುತ್ತೇವೆ. ಬಸ್ಸುಗಳ ಗದ್ದಲದಲ್ಲಿ ಹೆಗಲಿಗೆ ನೇತುಹಾಕಿದ ಸ್ಪೀಕರ್‌ನ ಮಾತು ಆಚೆ 15, ಈಚೆ 15 ಮೀಟರ್‌ವರೆಗೆ ತಿಳಿಯುತ್ತೆ ಅಂದುಕೊಳ್ಳಿ. ಆ 30 ಮೀಟರ್ ದಾಟೋಕೆ 24 ಸೆಕೆಂಡ್ ಸಾಕು. ಅಷ್ಟರಲ್ಲಿ ಕಿವಿಗೆ ಬೀಳೋದು ಒಂದು ಪಲ್ಲವಿ, ಅದೂ ಅರ್ಧ. ಎಲ್ಲರಿಗೂ ಗೊತ್ತಿರುವ ಹಾಡನ್ನೇ ಅವರು ಆರಿಸಿಕೊಳ್ಳೋದು ಯಾಕೆ ಅಂತ ಇದರಿಂದ ಅರ್ಥವಾಗುತ್ತೆ. ಗೊತ್ತಿರುವ ಹಾಡಾದರೆ ಎರಡು ಸಾಲು ಕೇಳಿದರೂ ಉಳಿದದ್ದನ್ನು ನಾವೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತೇವೆ.

ಅದೇ ಹಾಡನ್ನು ಕೂತು ಕೇಳಿ ನೋಡಿ. ಒಂದು ಸಂಜೆ ನಾನು ಬೇಲೂರು ಬಸ್ ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಕೆಳಗೆ ಕಂಡಕ್ಟರ್ "ಬೇಲೂರ್ ಬೇಲೂರ್" ಅಂತ ಕೂಗುತ್ತಿದ್ದರು. ಕಣ್ಣು ಕಾಣದ ಒಬ್ಬರು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಬಂದು ಬಾಗಿಲ ಹತ್ತಿರ ನಿಂತರು. ಮೈಕ್‌ಗೆ ಕರ್ಚೀಫು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಹಳೇ ಸಿನಿಮಾ ಹಾಡು. ಎದುರು ಸೀಟಿನ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಚರಣ ಬಂದ ಕೂಡಲೇ ಕೈ ನಿಲ್ಲಿಸಿದರು. ಎಲೆ ಹಾಗೇ ಬೆರಳಲ್ಲೇ ಇತ್ತು. ಹಾಡು ಮುಗಿದ ಮೇಲೆ ಮಡಚಿ ಬಾಯಿಗೆ ಹಾಕಿಕೊಂಡರು. ಹೊರಗೆ ನಡೆದುಹೋಗುತ್ತಿದ್ದ ಒಬ್ಬರೂ ಅಷ್ಟು ಹೊತ್ತು ತಿರುಗಿ ನೋಡಿರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2007ರ ಜನವರಿ 12ರ ಬೆಳಗ್ಗೆ ಹೆಸರಾಂತ ಪಿಟೀಲುವಾದಕ ಜೋಶುವಾ ಬೆಲ್ ವಾಷಿಂಗ್ಟನ್‌ನ ಮೆಟ್ರೊ ನಿಲ್ದಾಣವೊಂದರಲ್ಲಿ ಟೋಪಿ ಹಾಕಿಕೊಂಡು, ಯಾರೋ ಎಂಬಂತೆ ನಿಂತು ನುಡಿಸಿದರು. ಪಿಟೀಲು 1713ರಲ್ಲಿ ಮಾಡಿದ್ದು, ಬೆಲೆ ಕೋಟಿಗಟ್ಟಲೆ. ಅಲ್ಲಿನ ಪತ್ರಿಕೆಯೊಂದು ಮಾಡಿಸಿದ ಪರೀಕ್ಷೆ ಅದು. 43 ನಿಮಿಷದಲ್ಲಿ 1,097 ಜನ ಹಾದುಹೋದರು. ಒಂದು ನಿಮಿಷವಾದರೂ ನಿಂತವರು 7 ಜನ. ಮಕ್ಕಳು ಮಾತ್ರ ಮತ್ತೆ ಮತ್ತೆ ತಿರುಗಿ ನೋಡಿದರು, ದೊಡ್ಡವರು ಎಳೆದುಕೊಂಡು ಹೋದರು. 2014ರಲ್ಲಿ ಅವರೇ ಅದೇ ಊರಿನ ರೈಲು ನಿಲ್ದಾಣದಲ್ಲಿ ಮೊದಲೇ ಹೇಳಿ ನುಡಿಸಿದಾಗ ಜನ ಕಿಕ್ಕಿರಿದು ತುಂಬಿದ್ದರು. ಕೈ ಅದೇ, ಕಿವಿಗಳೂ ಅಂಥವೇ. ಆ ಸಲ ಜನ ಕೇಳೋಕೆ ಅಂತಲೇ ಬಂದಿದ್ದರು.

ನಮ್ಮ ಹಿರಿಯರ ಕಾಲದಲ್ಲಿ ಈ ತೊಡಕು ಕಮ್ಮಿ ಇತ್ತು ಅನಿಸುತ್ತೆ. ದಾಸಯ್ಯ ಶಂಖ, ಜಾಗಟೆ ಹಿಡಿದು ಮನೆ ಬಾಗಿಲಿಗೇ ಬರುತ್ತಿದ್ದರು. ಕಿನ್ನರಿ ಜೋಗಿಗಳೂ ಹಾಗೇ. ಹಾಡುವವರು ನಡೆದು ಬರುತ್ತಿದ್ದರು, ಕೇಳುವವರು ಹೊಸ್ತಿಲಲ್ಲಿ ಮೊರ ಹಿಡಿದು ನಿಂತಿರುತ್ತಿದ್ದರು. ಬಸ್ ಸ್ಟ್ಯಾಂಡ್‌ನಲ್ಲಿ ಇದು ತಲೆಕೆಳಗಾಗಿದೆ. ಹಾಡುವವರು ನಿಂತಿದ್ದಾರೆ, ನಾವು ಓಡುತ್ತಿದ್ದೇವೆ.

ಇನ್ನೊಂದು ಕಾರಣ ಹೇಳೋಕೆ ಮುಜುಗರ, ಆದರೆ ನಿಜ. ನಿಂತರೆ ದುಡ್ಡು ಕೊಡಬೇಕಾಗುತ್ತೆ ಅಂತ ನಾವು ಕಣ್ಣು ತಪ್ಪಿಸುತ್ತೇವೆ. ಚಿಲ್ಲರೆ ಇಲ್ಲದಿದ್ದರಂತೂ ಇನ್ನೂ ಬೇಗ ಹೆಜ್ಜೆ ಹಾಕುತ್ತೇವೆ. ಕೊಟ್ಟರೆ ಒಳ್ಳೆಯದೇ, ಅದು ಅವರ ದುಡಿಮೆ. ಆದರೆ ಕೈಯಲ್ಲಿ ಇಲ್ಲ ಅಂತ ಕಿವಿಯನ್ನೂ ಮುಚ್ಚಿಕೊಳ್ಳಬೇಡಿ. ಬಸ್ಸಿಗೆ ಇನ್ನೂ ಐದು ನಿಮಿಷ ಇದೆ ಅಂದ್ರೆ ಮೊಬೈಲ್ ಜೇಬಿಗೆ ಹಾಕಿ, ಒಂದು ಚರಣ ಮುಗಿಯೋವರೆಗೆ ನಿಲ್ಲಿ. ಕಣ್ಣು ಕಾಣದವರಾದರೆ, ನೀವು ನಿಂತು ಕೇಳಿದ್ದು ಅವರಿಗೆ ಗೊತ್ತಾಗೋದು ನೀವು ಬಾಯಿಬಿಟ್ಟು ಹೇಳಿದಾಗಲೇ ಅಲ್ವಾ?

ಆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಟ್ಟರು. ಆಮೇಲೆ ಅಂದರು: "ಇನ್ನೊಂದ್ ಪದ ಹೇಳಪ್ಪ, ಡ್ರೈವರ್ರು ಇನ್ನೂ ಟೀ ಕುಡೀತಾ ಅವ್ರೆ." ಅವರು ಮೈಕ್‌ನ ಕರ್ಚೀಫು ಸರಿಮಾಡಿಕೊಂಡು, ಯಾವ ಹಾಡು ಬೇಕಮ್ಮಾ ಅಂತ ಕೇಳಿದರು.