ಮುಂದಿನ ಬೆಂಚು ಕೊಟ್ಟರೆ ಮುಗಿಯಿತಾ?

ಪ್ರಶ್ನೆ: ನಮ್ಮ ಮಗಳಿಗೆ ಎರಡೂ ಕಿವಿಗೆ ಮಿಷನ್ ಇದೆ. ಎಲ್ಲ ಮಕ್ಕಳೂ ಹೋಗುವ ಮಾಮೂಲಿ ಶಾಲೆಯಲ್ಲಿ ಮೂರನೇ ಕ್ಲಾಸು ಓದುತ್ತಿದ್ದಾಳೆ. "ಮುಂದಿನ ಬೆಂಚಿನಲ್ಲೇ ಕೂರಿಸಿದ್ದೀವಲ್ಲ, ಇನ್ನೇನು ಬೇಕು?" ಎಂದು ಶಾಲೆಯವರು ಕೇಳುತ್ತಾರೆ. ಏನು ಕೇಳಬೇಕೆಂದು ನಮಗೂ ಗೊತ್ತಾಗುತ್ತಿಲ್ಲ.

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ, ಲೆಕ್ಕ ಇಟ್ಟಿಲ್ಲ. ಮಗು ಬೇರೆ, ಕ್ಲಾಸು ಬೇರೆ, ಬೆಂಚು ಮಾತ್ರ ಅದೇ. ಶಾಲೆಯವರನ್ನು ಬೈದು ಪ್ರಯೋಜನವಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ "ಮುಂದೆ ಕೂರಿಸಿ" ಎಂದು ಚೀಟಿ ಬರೆದುಕೊಟ್ಟು ಕೈತೊಳೆದುಕೊಂಡವಳೇ.

ಅವಸರ ಇರುವವರಿಗೆ ಮೊದಲು ಚಿಕ್ಕ ಉತ್ತರ. ಮೂರು ಕೇಳಿ. ಟೀಚರ್ ಮಾತನ್ನು ನೇರವಾಗಿ ಮಿಷನ್‌ಗೆ ತಲುಪಿಸುವ ಒಂದು ರಿಮೋಟ್ ಮೈಕ್. ಟೀಚರ್ ಮುಖವೂ ಉಳಿದ ಮಕ್ಕಳ ಮುಖವೂ ಕಾಣುವ ಜಾಗ. ಬಾಯಲ್ಲಿ ಹೇಳಿದ ಮುಖ್ಯ ವಿಷಯ ಬೋರ್ಡ್ ಮೇಲೂ ಬರಬೇಕು: ಹೋಮ್‌ವರ್ಕ್, ಪುಟದ ನಂಬರು, ಪರೀಕ್ಷೆಯ ದಿನ. ಇದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ.

ಈಗ ಬೆಂಚಿನ ವಿಷಯ.

ಈ ನಂಬಿಕೆ ಬಂದದ್ದು ಕನ್ನಡಕದಿಂದ ಎಂದು ನನ್ನ ಅನುಮಾನ. ಬೋರ್ಡ್ ಕಾಣದ ಮಗುವನ್ನು ಮುಂದೆ ಕೂರಿಸುತ್ತೇವೆ, ಕನ್ನಡಕ ಹಾಕಿಸುತ್ತೇವೆ, ಸರಿಹೋಗುತ್ತದೆ. ಕಿವಿಗೂ ಅದೇ ಲೆಕ್ಕ ಹಾಕುತ್ತೇವೆ. ಆದರೆ ಕನ್ನಡಕ ಹಾಕುವ ಬಹಳಷ್ಟು ಮಕ್ಕಳ ಕಣ್ಣಿನ ಹಿಂದಿನ ಪರದೆ ಚೆನ್ನಾಗೇ ಇರುತ್ತದೆ. ಬೆಳಕು ಬೀಳುವ ಜಾಗ ಕೊಂಚ ತಪ್ಪಿರುತ್ತದೆ, ಗಾಜು ಅದನ್ನು ತಿದ್ದುತ್ತದೆ, ಅಷ್ಟೇ. ಕಿವಿ ಮಿಷನ್ ಹಾಕಿದ ಹೆಚ್ಚಿನ ಮಕ್ಕಳಲ್ಲಿ ತೊಂದರೆ ಇರುವುದು ಒಳಕಿವಿಯಲ್ಲಿ. ಅಲ್ಲಿ, ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕೊಳವೆಯೊಳಗೆ, ಸದ್ದನ್ನು ನರಕ್ಕೆ ದಾಟಿಸುವ ಸುಮಾರು 15,000 ಕೂದಲು ಕೋಶಗಳಿರುತ್ತವೆ. ಒಮ್ಮೆ ಹಾಳಾದರೆ ಮನುಷ್ಯರಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ಹಿಯರಿಂಗ್ ಏಡ್ ಶಬ್ದವನ್ನು ಜೋರು ಮಾಡಿ ಉಳಿದ ಕೋಶಗಳಿಗೆ ಕೊಡುತ್ತದೆ. ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಆದರೆ ಕೋಶಗಳ ಸಹವಾಸವೇ ಬೇಡವೆಂದು 12ರಿಂದ 22 ಎಲೆಕ್ಟ್ರೋಡ್‌ಗಳ ಮೂಲಕ ನೇರವಾಗಿ ನರಕ್ಕೇ ಸಂದೇಶ ಕಳಿಸುತ್ತದೆ. ಎರಡೂ ದೊಡ್ಡ ಉಪಕಾರದ ಯಂತ್ರಗಳು. ಆದರೆ ಒಂದರಲ್ಲಿ ಕೆಲಸಕ್ಕಿರುವುದು ಅಳಿದುಳಿದ ಕೋಶಗಳು, ಇನ್ನೊಂದರಲ್ಲಿ ಹದಿನೈದು ಸಾವಿರ ಮಾಡುತ್ತಿದ್ದ ಕೆಲಸವನ್ನು ಹೆಚ್ಚೆಂದರೆ ಇಪ್ಪತ್ತೆರಡು ಮಾಡುತ್ತಿವೆ ಎನ್ನುವುದು ನೆನಪಿರಲಿ.

"ಮೊನ್ನೆ ಹಿಂದಿನಿಂದ ಹೆಸರು ಕರೆದೆ, ತಟ್ಟನೆ ತಿರುಗಿದಳು. ಚೆನ್ನಾಗೇ ಕೇಳುತ್ತೆ ಅವಳಿಗೆ." ಇದನ್ನು ಹೇಳದ ಟೀಚರ್ ಒಬ್ಬರನ್ನೂ ನಾನು ನೋಡಿಲ್ಲ. ತಿರುಗಿದಳು, ಸರಿ. ಅವಳ ಹೆಸರು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು, ಅರ್ಧ ಕೇಳಿದರೂ ಸಾಕು. ಪಾಠದಲ್ಲಿ ಬರುವ ಹೊಸ ಪದ ಹಾಗಲ್ಲ. ಮಾತಿನಲ್ಲಿ ಆ, ಓ, ಊ ಮೊದಲಾದ ಸ್ವರಗಳಿಗೆ ಬಲ ಜಾಸ್ತಿ. ಅರ್ಥ ಬೇರೆ ಮಾಡುವುದು ವ್ಯಂಜನಗಳು, ಅವುಗಳಲ್ಲಿ ಸ, ಹ, ಕ ಥರದವು ತೀರಾ ಮೆಲ್ಲಗಿನವು. ಕಾಲು, ಹಾಲು, ಸಾಲು, ಪಾಲು. ಹಿಂದೆ ಫ್ಯಾನ್ ತಿರುಗುತ್ತಿರುವಾಗ ಈ ನಾಲ್ಕೂ ಒಂದೇ "ಆಲು" ಆಗಿ ಬಂದರೆ ಹೇಗಿರುತ್ತದೆ? ಸದ್ದು ಕೇಳಿಸಿದೆ. ಪದ ಕೇಳಿಸಿಲ್ಲ.

"ತುಟಿ ನೋಡಿ ತಿಳ್ಕೊಳ್ತಾಳಲ್ವಾ, ಅದಕ್ಕೇ ಮುಂದೆ ಕೂರಿಸಿರೋದು" ಎನ್ನುತ್ತಾರೆ. ತುಟಿ ಸಹಾಯ ಮಾಡುತ್ತದೆ, ಖಂಡಿತ. ಕಿವಿಗೆ ಅರ್ಧ, ಕಣ್ಣಿಗೆ ಅರ್ಧ ಸಿಕ್ಕಿ ಒಟ್ಟಾದಾಗ ಪದ ಹೊಳೆಯುತ್ತದೆ. ಆದರೆ ತುಟಿಯೊಂದನ್ನೇ ನಂಬಬೇಡಿ. ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ, "ಬರೆ" ಎನ್ನಿ. ಆಮೇಲೆ "ಮರೆ" ಎನ್ನಿ. ವ್ಯತ್ಯಾಸ ಕಂಡಿತೇ? ಬರೆ ಅಂದರೂ ಮರೆ ಅಂದರೂ ತುಟಿಗೆ ಒಂದೇ! ಬಳೆಗೂ ಮಳೆಗೂ ಇದೇ ಗತಿ. ಕ, ಗ ಇವೆಲ್ಲ ಗಂಟಲಿನ ಹತ್ತಿರ ಹುಟ್ಟುತ್ತವೆ, ಹೊರಗೆ ಕಾಣುವುದೇ ಇಲ್ಲ. ಈ ಕನ್ನಡಿ ಪ್ರಯೋಗವನ್ನು ಟೀಚರ್ ಕೈಲೂ ಮಾಡಿಸಿ. ನನ್ನ ಹತ್ತು ನಿಮಿಷದ ಭಾಷಣಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಸರಿ, ಮುಂದಿನ ಬೆಂಚಿನಲ್ಲಿ ಮಗು ಕೂತಿತು ಎಂದುಕೊಳ್ಳಿ. ಟೀಚರ್ ತೀರಾ ಎದುರಿಗೆ ನಿಂತರೆ ಅದಕ್ಕೆ ಕಾಣುವುದು ಗಲ್ಲದ ಕೆಳಭಾಗ. ಕತ್ತು ನೋಯುತ್ತದೆ. ಟೀಚರ್ ಬೋರ್ಡ್ ಕಡೆ ತಿರುಗಿ ಬರೆಯುತ್ತಾ ವಿವರಿಸಿದರೆ ಕಾಣುವುದು ಬೆನ್ನು. ಓಡಾಡುತ್ತಾ ಕೊನೆಯ ಸಾಲಿಗೆ ಹೋದರೆ, ಮುಂದಿನ ಬೆಂಚೇ ಅತಿ ದೂರದ ಬೆಂಚು! ದೂರಕ್ಕೆ ಒಂದು ಲೆಕ್ಕ ಇದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ದನಿ 6 ಡೆಸಿಬೆಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಇಳಿಯುತ್ತದೆ. ಒಂದು ಮೀಟರಿನಲ್ಲಿ 60 ಇದ್ದ ಮಾತು ಎರಡು ಮೀಟರಿಗೆ 54, ನಾಲ್ಕಕ್ಕೆ 48. ಕೋಣೆಯೊಳಗೆ ಗೋಡೆಗೆ ಬಡಿದ ಸದ್ದು ವಾಪಸ್ ಬರುವುದರಿಂದ ಇಷ್ಟು ಇಳಿಯುವುದಿಲ್ಲ, ನಿಜ. ಆದರೆ ಹಾಗೆ ವಾಪಸ್ ಬಂದದ್ದು ಮುಂದಿನ ಪದದ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತವೆ.

ಗದ್ದಲ? ಖಾಲಿ ತರಗತಿಯಲ್ಲಿ ಸದ್ದು 35 ಡೆಸಿಬೆಲ್ ದಾಟಬಾರದು, ಪ್ರತಿಧ್ವನಿ 0.6 ಸೆಕೆಂಡಿನೊಳಗೆ ಅಡಗಬೇಕು ಎಂದು ಅಮೆರಿಕದಲ್ಲಿ 2002ರಲ್ಲೇ ತರಗತಿಗಳಿಗೊಂದು ಮಾನದಂಡ ಬಂತು. ಮಕ್ಕಳು ತುಂಬಿದ ಮೇಲೆ 60 ಮುಟ್ಟುವುದು ಎಲ್ಲ ಕಡೆಯೂ ಮಾಮೂಲು. ಚೆನ್ನಾಗಿ ಕೇಳುವ ದೊಡ್ಡವರು ಮಾತೂ ಗದ್ದಲವೂ ಸಮ ಇದ್ದರೂ ಹೇಗೋ ನಿಭಾಯಿಸುತ್ತಾರೆ, ಬಿಟ್ಟುಹೋದ ಪದವನ್ನು ತಲೆಯೇ ತುಂಬಿಕೊಳ್ಳುತ್ತದೆ. ಭಾಷೆಯನ್ನು ಇನ್ನೂ ಕಲಿಯುತ್ತಿರುವ ಮಗು ಏನನ್ನು ತುಂಬಿಕೊಳ್ಳಬೇಕು? ಅದಕ್ಕೆ ಮಾತು ಗದ್ದಲಕ್ಕಿಂತ 15 ಡೆಸಿಬೆಲ್ ಆದರೂ ಮೇಲಿರಬೇಕು. ಬೆಂಚು ಕುರ್ಚಿ ಎಳೆಯುವ ಕಿರ್ ಸದ್ದನ್ನೂ ಮಿಷನ್ ಮಾತಿನಷ್ಟೇ ನಿಷ್ಠೆಯಿಂದ ಜೋರು ಮಾಡುತ್ತದೆ.

ಇನ್ನು ಯಾರೂ ಯೋಚಿಸದ ವಿಷಯ. ಕ್ಲಾಸಿನಲ್ಲಿ ಮಾತಾಡುವವರು ಟೀಚರ್ ಒಬ್ಬರೇ ಏನಲ್ಲ. ಪ್ರಶ್ನೆ ಕೇಳುವುದು, ತಪ್ಪು ಉತ್ತರ ಹೇಳುವುದು, ತಮಾಷೆ ಮಾಡುವುದು ಎಲ್ಲ ಹಿಂದಿನ ಬೆಂಚುಗಳಲ್ಲೇ ಜಾಸ್ತಿ. ಮುಂದೆ ಕೂತ ಮಗುವಿಗೆ ಇಡೀ ಕ್ಲಾಸು ಬೆನ್ನ ಹಿಂದೆ. ಎಲ್ಲರೂ ನಕ್ಕರು. ಯಾರು ನಗಿಸಿದರು ಎಂದು ತಿರುಗಿ ಹುಡುಕುವಷ್ಟರಲ್ಲಿ ನಗು ಮುಗಿದಿರುತ್ತದೆ. ಅದೂ ಒಂದು ನಗು ನಗುತ್ತದೆ, ತಡವಾಗಿ, ಯಾಕೆಂದು ತಿಳಿಯದೆ. ಇದನ್ನು ಎಷ್ಟೋ ಕ್ಲಾಸುಗಳಲ್ಲಿ ಹಿಂದೆ ಕೂತು ನೋಡಿದ್ದೇನೆ.

ಹಾಗಾದರೆ ಎಲ್ಲಿ ಕೂರಿಸಬೇಕು? ಸಾಮಾನ್ಯವಾಗಿ ಎರಡನೇ ಸಾಲು, ನಡುವಿನಿಂದ ಸ್ವಲ್ಪ ಪಕ್ಕಕ್ಕೆ. ಕುರ್ಚಿ ತುಸು ಓರೆ ಮಾಡಿದರೆ ಟೀಚರೂ ಕಾಣುತ್ತಾರೆ, ಮಕ್ಕಳೂ ಕಾಣುತ್ತಾರೆ. ಒಂದು ಕಿವಿ ಹೆಚ್ಚು ಚುರುಕಾಗಿದ್ದರೆ ಆ ಕಿವಿ ಕ್ಲಾಸಿನ ಕಡೆಗಿರಲಿ. ಬಾಗಿಲು, ಫ್ಯಾನ್ ದೂರ ಇರಲಿ. ಟೀಚರ್ ಕಿಟಕಿಗೆ ಬೆನ್ನು ಕೊಟ್ಟು ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ, ಬೆಳಕು ಅವರ ಮುಖದ ಮೇಲೆ ಬೀಳಬೇಕು. ಗುಂಪು ಕೆಲಸ ನಡೆಯುವಾಗ ಎದ್ದು ಬೇರೆ ಕಡೆ ಕೂರಲು ಮಗುವಿಗೆ ಅನುಮತಿ ಇರಬೇಕು. ಪ್ರತಿ ಸಲ ಕೇಳುವ ಹಾಗಿರಬಾರದು.

ಮೈಕ್ ಬಗ್ಗೆ ಎರಡು ಮಾತು. ಟೀಚರ್ ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸುವ ಪುಟ್ಟ ಸಾಧನ ಅದು. ದನಿಯನ್ನು ರೇಡಿಯೋ ಅಲೆಯಲ್ಲಿ ನೇರ ಮಗುವಿನ ಕಿವಿಗೆ ಕಳಿಸುತ್ತದೆ. ದೂರದ ಲೆಕ್ಕ ಅಲ್ಲಿಗೆ ಮುಗಿಯಿತು, ಟೀಚರ್ ಎಲ್ಲೇ ನಿಂತರೂ ಮಗುವಿನ ಕಿವಿಯಿಂದ ಒಂದು ಗೇಣು ದೂರ. ಮಗುವಿನ ಮಿಷನ್‌ಗೆ ಯಾವುದು ಹೊಂದುತ್ತದೆ ಎಂದು ಕಿವಿ ಪರೀಕ್ಷಿಸಿ ಮಿಷನ್ ಹೊಂದಿಸುವ ಆಡಿಯಾಲಜಿಸ್ಟ್ ಬಳಿ ಬರೆಸಿಕೊಳ್ಳಿ. ತೊಂದರೆ ಇರುವುದು ಎರಡೇ: ಟೀಚರ್ ಆನ್ ಮಾಡಲು ಮರೆಯುತ್ತಾರೆ, ಆಫ್ ಮಾಡಲೂ ಮರೆಯುತ್ತಾರೆ. ಎರಡನೆಯದರಿಂದಾಗಿ ಸ್ಟಾಫ್ ರೂಮಿನ ಸುದ್ದಿಗಳು ಮೂರನೇ ಕ್ಲಾಸಿನ ಹುಡುಗಿಗೆ ಲೈವ್ ಆಗಿ ಸಿಗುತ್ತವೆ. ಇಷ್ಟು ಹೇಳಿದರೆ ಟೀಚರ್ ಮತ್ತೆ ಮರೆಯುವುದಿಲ್ಲ. ಹಿಂದಿನ ಬೆಂಚಿನ ಹುಡುಗ ಉತ್ತರ ಹೇಳಿದಾಗ ಮೈಕ್ ಅವನ ಕೈಗೆ ಹೋಗಲಿ, ಇಲ್ಲವೇ ಟೀಚರ್ ಆ ಉತ್ತರವನ್ನು ಒಮ್ಮೆ ತಾವೇ ಹೇಳಲಿ.

ಉಳಿದವು ಸಣ್ಣವು, ಆದರೆ ಹಾಳೆಯಲ್ಲಿ ಇರಲಿ. "ಅರ್ಥ ಆಯ್ತಾ?" ಎಂದು ಕೇಳಬೇಡಿ ಎಂದು ಟೀಚರ್‌ಗೆ ಹೇಳಿ, ಎಲ್ಲ ಮಕ್ಕಳೂ "ಹೂಂ" ಎನ್ನುತ್ತಾರೆ. "ಈಗ ಏನು ಮಾಡಬೇಕು, ಹೇಳು" ಎಂದು ಕೇಳಲಿ. ವಿಡಿಯೋ ತೋರಿಸುವಾಗ ಸಬ್‌ಟೈಟಲ್ ಹಾಕಲಿ, ಪೂರ್ತಿ ಕತ್ತಲೆ ಮಾಡದಿರಲಿ. ಉಕ್ತಲೇಖನದ ಮಾತಂತೂ ಎತ್ತಲೇಬೇಕು. ಓಡಾಡುತ್ತಾ ಪದ ಹೇಳಿ, ಬರೆಯಿರಿ ಎಂದರೆ ಈ ಮಗುವಿನ ಮಟ್ಟಿಗೆ ಅದು ಕಿವಿಯ ಪರೀಕ್ಷೆ, ಕಾಗುಣಿತದ್ದಲ್ಲ. ಕಿವಿಗೆ ಎಷ್ಟು ಅಂಕ ಎಂದು ನಮಗೆ ಕಿವಿ ಪರೀಕ್ಷೆಯ ನಕ್ಷೆ, ಅಂದರೆ ಆಡಿಯೋಗ್ರಾಂ, ನೋಡಿಯೇ ಗೊತ್ತು, ಮತ್ತೊಂದು ಕೆಂಪು ಗೆರೆ ಬೇಕಿಲ್ಲ. ಎದುರು ನಿಂತು, ಪದವನ್ನು ವಾಕ್ಯದಲ್ಲಿಟ್ಟು ಹೇಳಲಿ. ಇಲ್ಲವೇ ಚಿತ್ರ ತೋರಿಸಿ ಬರೆಸಲಿ.

ಕೇಳುವ ರೀತಿಯೂ ಮುಖ್ಯ. "ಸ್ವಲ್ಪ ನೋಡ್ಕೊಳ್ಳಿ ಮೇಡಂ" ಎನ್ನುತ್ತೇವೆ. "ನೋಡ್ಕೊಳ್ತೀವಿ ಬಿಡಿ" ಎನ್ನುತ್ತಾರೆ. ಏನನ್ನು ನೋಡಿಕೊಳ್ಳಬೇಕೆಂದು ಎರಡೂ ಕಡೆಯವರಿಗೆ ಗೊತ್ತಿಲ್ಲ. ಅದಕ್ಕೇ ಹಾಳೆ. ಒಂದೇ ಪುಟ, ಮೇಲೆ ತಾರೀಕು, ಕೆಳಗೆ ಸಹಿ, ಒಂದು ಪ್ರತಿ ನಿಮ್ಮ ಬಳಿ. ಹೆಡ್‌ಮಾಸ್ಟರಿಗೆ ಕೊಟ್ಟರೆ ಸಾಲದು, ಪ್ರತಿ ವಿಷಯದ ಟೀಚರ್‌ಗೂ ಕೊಡಿ. ಪಿಟಿ ಮೇಷ್ಟ್ರನ್ನು ಮರೆಯಬೇಡಿ, ಮೈದಾನದ ಸೀಟಿ ಕೇಳದೆ ಬೈಸಿಕೊಳ್ಳುವವಳು ನಿಮ್ಮ ಮಗಳೇ. ಎರಡು ವಾರ ಬಿಟ್ಟು ಮತ್ತೆ ಹೋಗಿ. ಮುಂದಿನ ವರ್ಷ ಟೀಚರ್ ಬದಲಾಗುತ್ತಾರೆ, ಎಲ್ಲ ಮೊದಲಿನಿಂದ. ಬೇಜಾರಾಗುತ್ತದೆ, ನನಗೆ ಗೊತ್ತು.

ಮಿಷನ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಬೆಳಿಗ್ಗೆ ಮನೆಯಲ್ಲೇ ನೋಡಿ ಕಳಿಸಿ. ಬಾಯಿ ಮರೆಮಾಡಿಕೊಂಡು ಆ, ಈ, ಊ, ಮ್, ಶ್, ಸ್ ಎನ್ನಿ. ಮಗು ತಿರುಗಿ ಹೇಳಬೇಕು. ಇದಕ್ಕೆ ಲಿಂಗ್ ಟೆಸ್ಟ್ ಎನ್ನುತ್ತಾರೆ. ಹೆಸರು ಕೇಳಿ ಹುಬ್ಬೇರಿಸಬೇಡಿ, ರೂಪಿಸಿದ ಡೇನಿಯಲ್ ಲಿಂಗ್ ಅವರ ಮನೆತನದ ಹೆಸರು ಅದು. ಬ್ಯಾಗಿನಲ್ಲಿ ಬಿಡಿ ಬ್ಯಾಟರಿ ಇರಲಿ. "ಬ್ಯಾಟರಿ ಹೋಯ್ತು ಮಿಸ್" ಎಂದು ಎದ್ದು ಹೇಳುವುದನ್ನು ಮಗಳಿಗೆ ಈಗಲೇ ಅಭ್ಯಾಸ ಮಾಡಿಸಿ. ನೀವು ಹಾಳೆ ಹಿಡಿದು ಕಾಲೇಜಿನವರೆಗೂ ಹೋಗಲಾರಿರಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಂಜೆ ಮನೆಗೆ ಬಂದ ಕೂಡಲೇ ಅವಳು ಮಿಷನ್ ಕಿತ್ತು ಪಕ್ಕಕ್ಕಿಟ್ಟು, ಕರೆದರೆ ಸಿಡುಕುತ್ತಾಳೆ ಅಲ್ವಾ? ಹಠ ಎಂದುಕೊಳ್ಳಬೇಡಿ. ದಿನವಿಡೀ ಅರ್ಧ ಕೇಳಿದ್ದಕ್ಕೆ ಉಳಿದರ್ಧ ಊಹಿಸಿ ಜೋಡಿಸಿ ತಲೆ ದಣಿದಿರುತ್ತದೆ. ಕೇಳಿ ಕೇಳಿ ಸುಸ್ತಾಗುವುದು ನಿಜವಾದ ಸುಸ್ತು. ಅರ್ಧ ಗಂಟೆ ಸುಮ್ನೆ ಬಿಡಿ. ಹೋಮ್‌ವರ್ಕ್ ಎಲ್ಲಿಗೂ ಓಡಿಹೋಗುವುದಿಲ್ಲ.

ಆ ಅರ್ಧ ಗಂಟೆಯಲ್ಲಿ ಅವಳ ಜೊತೆ ಮಾತಾಡುವುದು ಹೇಗೆ? ಕೈಯಿಂದ. ಸನ್ನೆ ಭಾಷೆ ಎಂದ ಕೂಡಲೇ "ಅಯ್ಯೋ, ಆಮೇಲೆ ಬಾಯಲ್ಲಿ ಮಾತೇ ಆಡೋದಿಲ್ಲ" ಎಂದು ಹೆದರುವವರಿದ್ದಾರೆ. ಈ ಹೆದರಿಕೆಗೆ ವಯಸ್ಸಾಗಿದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡು ಮಕ್ಕಳ ಶಿಕ್ಷಕರ ಸಮ್ಮೇಳನ ಸೇರಿ, ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿ ಮಾತೇ ಇರಲಿ ಎಂದು ತೀರ್ಮಾನಿಸಿತು. ತೀರ್ಮಾನಿಸಿದವರು ಬಹುತೇಕ ಎಲ್ಲರೂ ಕಿವಿ ಕೇಳುವವರೇ! ಅದೇ ಸರಣಿಯ ಸಮ್ಮೇಳನ ತಪ್ಪಾಯಿತು ಎಂದು ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ಲೆಕ್ಕ ಹಾಕಿ, 130 ವರ್ಷ. ಅಷ್ಟರಲ್ಲಿ, 2006ರಲ್ಲೇ, ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ತನ್ನ 24ನೇ ವಿಧಿಯಲ್ಲಿ ಸನ್ನೆ ಭಾಷೆ ಕಲಿಯಲು ಅನುಕೂಲ ಮಾಡಿಕೊಡಿ ಎಂದು ದೇಶಗಳಿಗೆ ಹೇಳಿಯಾಗಿತ್ತು.

ನಿಮ್ಮ ಮಗಳು ಮಾತಾಡುತ್ತಾಳೆ, ಮಾತಾಡಲಿ. ಸ್ನಾನದ ಹೊತ್ತಿಗೆ, ಮಲಗುವಾಗ, ಈಜುವಾಗ ಮಿಷನ್ ಇರುವುದಿಲ್ಲ. ಆ ಹೊತ್ತಿಗೆ ಬೇಕಾಗುವ ಹತ್ತಿಪ್ಪತ್ತು ಸನ್ನೆಗಳಿಂದ ಶುರು ಮಾಡಿ, ಮನೆಯವರೆಲ್ಲ ಒಟ್ಟಿಗೆ. ಮಕ್ಕಳು ಬೇಗ ಹಿಡಿಯುತ್ತಾರೆ. ಬೆರಳು ಮಡಚಲು ಬಾರದೆ ಒದ್ದಾಡುವವರು ನಾವೇ, ಆಗ ಅವಳು ಟೀಚರ್.